ಹಕ್ಕಿ ಕಾಯುವ ಕೆಲಸ

ಮಾರುತೇಶನ ಗಂಟಲು ಕಟ್ಟಿದ್ದಕ್ಕೆ ಕಾರಣ ಒಂದು ಗುಬ್ಬಿ. ಬೆಳಿಗ್ಗೆ ಏಳಕ್ಕೆ ಅದು ಹದಿನೇಳನೇ ಸಾಲಿನ ಸಜ್ಜೆ ತೆನೆಯ ಮೇಲೆ ಕೂತು, ಬೀಗರ ಮನೆಯ ಊಟಕ್ಕೆ ಬಂದ ಹಾಗೆ ನಿಧಾನವಾಗಿ ಕಾಳು ಬಿಡಿಸತೊಡಗಿತು.

ಜೋಗಿಮಟ್ಟಿ ತಪ್ಪಲಿನ ಆ ಸಂಶೋಧನಾ ಹೊಲಕ್ಕೆ ಮಾರುತೇಶ ತಾತ್ಕಾಲಿಕ ಸಹಾಯಕನಾಗಿ ಬಂದು ಮೂರೇ ದಿನವಾಗಿತ್ತು. ಒಂದೇ ಜೋಡಿ ತಳಿಗೆ ಹುಟ್ಟಿದ ನೂರಿಪ್ಪತ್ತು ಬಗೆಯ ಸಜ್ಜೆ. ಬಗೆಗೊಂದು ಸಾಲು, ಸಾಲಿಗೊಂದು ನಂಬರು. ಯಾವ ಗುಣ ಯಾವ ವಂಶವಾಹಿಯಲ್ಲಿದೆ ಎಂದು ಬೆಂಗಳೂರಿನ ವಿಜ್ಞಾನಿ ಲತಾ ಮೇಡಂ ಹುಡುಕುತ್ತಿದ್ದರು. ಸಂಜೆ ಅವರು ಬರುವವರಿದ್ದರು. ಅವರು ಮೆಚ್ಚಿದರೆ ಕೆಲಸ ಮುಂದುವರಿಯುತ್ತಿತ್ತು. ತೆನೆಯೆಲ್ಲ ಬೋಳಾದರೆ ಮೆಚ್ಚುವ ಮಾತೆಲ್ಲಿ ಬಂತು?

"ಹೋಯ್!" ಎಂದು ಕೂಗಿದ. ಗುಬ್ಬಿ ಹಾರಿಹೋಗಿ, ನೆಂಟರನ್ನೆಲ್ಲ ಕರೆದುಕೊಂಡು ಬಂತು.

ಮಾರುತೇಶ ತಟ್ಟೆ ಬಡಿದ. ಹಿಂಡು ಎದ್ದು ಪಕ್ಕದ ಜೋಳದ ಹೊಲಕ್ಕಿಳಿಯಿತು. ಹೊಲದೊಡತಿ ಮುದ್ದಕ್ಕ ಕವಣೆ ಹಿಡಿದು ಬದುವಿನ ಮೇಲೆ ಪ್ರತ್ಯಕ್ಷಳಾದಳು.

"ಏನಪ್ಪ, ನಿಮ್ಮ ಹಕ್ಕೀನ ನನ್ನ ಹೊಲಕ್ಕೆ ಯಾಕ್ ಅಟ್ತೀಯ?"

"ಅವು ನಮ್ಮವಲ್ಲ ಮುದ್ದಕ್ಕ!"

"ನಿನ್ ಸಜ್ಜೆ ತಿಂದ್ ಮ್ಯಾಲೆ ನಿನ್ನವೇ."

ಅವಳು ಕವಣೆ ಬೀಸಿದಳು. ಹಿಂಡು ವಾಪಸ್ಸಾಯಿತು. ಜೊತೆಗೆ ಬಂದ ಕಲ್ಲು ಮಾರುತೇಶನ ನೀರಿನ ಹೂಜಿಯನ್ನು ಒಡೆಯಿತು. ಮಧ್ಯಾಹ್ನದವರೆಗೂ ಹಕ್ಕಿಗಳು ಹೊಳಲ್ಕೆರೆ ಬಸ್ಸಿನಂತೆ ಆ ಹೊಲ, ಈ ಹೊಲ ಓಡಾಡಿದವು.

ದಾರಿಯಲ್ಲಿ ಹೋಗುತ್ತಿದ್ದ ಕೆಂಚಣ್ಣ ಇದನ್ನು ಕಂಡು ನಿಂತ. ರಿಟೈರಾದ ಬಸ್ ಡ್ರೈವರ್. ಕೇಳದೆಯೇ ಸಲಹೆ ಕೊಡುವವ.

"ಲೇ, ತಟ್ಟೆಗೆ ಯಾವ ಹಕ್ಕಿ ಹೆದರ್ತೈತೆ? ಹಾರ್ನ್ ಹೊಡೀಬೇಕು!"

ಮನೆಯಿಂದ ಹಳೇ ಲಾರಿ ಹಾರ್ನು, ಬ್ಯಾಟರಿ ತಂದು ಒತ್ತಿಯೇಬಿಟ್ಟ. ಒಂದು ಹಕ್ಕಿಯೂ ಅಲುಗಲಿಲ್ಲ. ಮುದ್ದಕ್ಕನ ಎಮ್ಮೆ ಮಾತ್ರ ಗೂಟ ಕಿತ್ತುಕೊಂಡು ನೇರ ಸಜ್ಜೆಯತ್ತ ನುಗ್ಗಿತು. ಮಾರುತೇಶ ಎರಡೂ ಕೈ ಚಾಚಿ ಅಡ್ಡ ನಿಂತ. ಎಮ್ಮೆಯೂ ನಿಂತಿತು, ಅವನನ್ನು ಕಾಲುವೆಯ ಕೆಸರಿಗೆ ಕೆಡವಿದ ಮೇಲೆ.

ಕೊನೆಗೆ ಮೂವರೂ ರಾಜಿಯಾದರು. ಎರಡೂ ಹೊಲದಲ್ಲಿ ಒಟ್ಟಿಗೇ ತಟ್ಟೆ, ಕವಣೆ, ಹಾರ್ನು. ಹಿಂಡು ಎದ್ದು, ಒಂದು ಸುತ್ತು ಹೊಡೆದು, ಗುಡ್ಡದ ಕಡೆ ಹೋಗಿ ಕಣ್ಮರೆಯಾಯಿತು. ಮಾರುತೇಶ ಸಾಲು ಸಾಲೂ ನೋಡಿದ. ಹೋಗಿದ್ದು ಬೊಗಸೆ ಕಾಳಷ್ಟೇ. ಮುದ್ದಕ್ಕ ಕೊಟ್ಟ ಮಜ್ಜಿಗೆ ಕುಡಿದು, ಬದುವಿನ ಮೇಲೆ ಕಾಲು ಚಾಚಿ, ಇಡೀ ದಿನದ ಉಸಿರನ್ನು ಒಂದೇ ಸಲ ಬಿಟ್ಟ.

ಐದಕ್ಕೆ ಜೀಪು ಬಂತು. ಲತಾ ಮೇಡಂ ಸಾಲುಗಳ ನಡುವೆ ನಡೆದರು, ಮತ್ತೆ ನಡೆದರು.

"ಮಾರುತೇಶ್, ಹಕ್ಕಿ ಎಲ್ಲಿ?"

"ಒಂದೂ ಬಿಟ್ಟಿಲ್ಲ ಮೇಡಂ," ಎಂದ, ಉಳಿದಿದ್ದ ಚೂರು ಗಂಟಲಿನಲ್ಲಿ.

ಮೇಡಂ ತಲೆ ಹಿಡಿದುಕೊಂಡರು. "ಅಯ್ಯೋ, ಹಕ್ಕಿ ಯಾವ ಸಾಲು ತಿನ್ನುತ್ತೆ, ಯಾವುದನ್ನ ಬಿಡುತ್ತೆ ಅಂತ ನೋಡೋಕೇ ಬಂದಿದ್ದು ಕಣ್ರಿ! ಪ್ರತಿ ಸಾಲಿನ ಎಲೆ ತಗೊಂಡು ವಂಶವಾಹಿ ಪರೀಕ್ಷೆ ಆಗಲೇ ಮುಗಿಸಿದ್ದೀವಿ. ಹಕ್ಕಿ ಬಿಟ್ಟ ಸಾಲುಗಳನ್ನ ಅದರ ಜೊತೆ ತಾಳೆ ನೋಡಿದ್ರೆ, ಹಕ್ಕಿ ಮುಟ್ಟದ ಹಾಗೆ ಮಾಡೋ ಗುಣ ಯಾವ ವಂಶವಾಹಿಯಲ್ಲಿದೆ ಅಂತ ಸಿಕ್ಕುತ್ತೆ. ನಿಮಗೆ ಯಾರೂ ಹೇಳಲಿಲ್ವಾ?"

ಯಾರೂ ಹೇಳಿರಲಿಲ್ಲ. ಕೆಲಸ ಹೋಯಿತೆಂದು ಮಾರುತೇಶ ಕಣ್ಣು ಮುಚ್ಚಿದ.

"ಹೋಗ್ಲಿ, ತೆನೆ ಪೂರ್ತಿ ಉಳಿದಿದೆಯಲ್ಲ. ಕೊಯ್ಲಿಗೆ ಇನ್ನೂ ಎಂಟು ದಿನ ಇದೆ," ಎಂದರು ಮೇಡಂ. "ನೀವೇ ಮುಂದುವರೀರಿ. ನಾಳೆಯಿಂದ ಓಡಿಸಬೇಡಿ. ಯಾವ ಸಾಲಿಗೆ ಎಷ್ಟು ಹಕ್ಕಿ ಬಂತು ಅಂತ ಎಣಿಸಿ ಬರೀರಿ."

ಮಾರುತೇಶನಿಗೆ ಹೋದ ಜೀವ ಬಂತು. ಮರುಗಳಿಗೆಯೇ ಖಾಲಿ ಆಕಾಶ ಕಾಣಿಸಿತು. "ಅವು ತಿರುಗಿ ಬರದಿದ್ರೆ?"

"ಅದ್ಯಾಕ್ ಚಿಂತೆ ಮಾಡ್ತೀಯಪ್ಪ!" ಬದುವಿನಾಚೆ ನಿಂತು ಎಲ್ಲ ಕೇಳಿಸಿಕೊಂಡಿದ್ದ ಮುದ್ದಕ್ಕನ ಮುಖ ಅರಳಿತ್ತು. ಸೆರಗು ಸಿಕ್ಕಿಸಿಕೊಂಡು ಊರ ಕಡೆ ಹೊರಟೇಬಿಟ್ಟಳು.

ಹೊತ್ತು ಮುಳುಗುವುದರೊಳಗೆ ಸುತ್ತಲಿನ ಹನ್ನೆರಡು ಹೊಲದವರಿಗೂ ಸುದ್ದಿ ಮುಟ್ಟಿತ್ತು: ಮಾರುತೇಶನಿಗೆ ಹಕ್ಕಿ ಬೇಕಂತೆ, ಎಷ್ಟಿದ್ದರೂ ಅಟ್ಟಬೇಕಂತೆ, ಒಂದೊಂದನ್ನೂ ಕೂತು ಎಣಿಸಿಕೊಳ್ಳುತ್ತಾನಂತೆ.