ಒನಕೆ ಹಿಡಿದು ತೆಗೆಸಿದ ಫೋಟೋ

ನೋಟಿನ ಮೇಲೆ ಯಾರ ಮುಖ ಇರಬೇಕು ಅನ್ನೋದನ್ನು ದಿಲ್ಲಿಯಲ್ಲಿ ದೊಡ್ಡವರು ಕುಂತು ತೀರ್ಮಾನ ಮಾಡುತ್ತಾರಂತೆ. ಮಾಡಲಿ. ನಮ್ಮ ಸ್ತ್ರೀಶಕ್ತಿ ಸಂಘದ ಹನ್ನೊಂದು ಮಂದಿ ಅಂಗನವಾಡಿ ಕಟ್ಟೆಯ ಮೇಲೆ ಕುಂತು ಅದನ್ನು ಒಂದೂವರೆ ತಾಸಿನಲ್ಲಿ ಮುಗಿಸಿದೆವು. ಮುಗಿಸಿದವಳು ನಾನು, ಬೊಮ್ಮಮ್ಮ. ಅಕ್ಷರ ಕೂಡಿಸಿ ಒಂದು ಸಾಲು ಬರೆಯುವಷ್ಟರಲ್ಲಿ ನನಗೆ ಒಂದು ಎಲೆಅಡಿಕೆ ಖರ್ಚಾಗುತ್ತದೆ, ನಿಜ. ಆದರೆ ಹಿಡಿದ ಕೆಲಸದಲ್ಲಿ ಎಳ್ಳಷ್ಟು ತಪ್ಪು ಬಿಡುವವಳಲ್ಲ.

ಮಾತು ಎತ್ತಿದವಳು ನನ್ನ ನಾದಿನಿ ಕೆಂಚಕ್ಕ. "ಮೊದಲು ಸಿಂಹದ ನೋಟು ಇದ್ವು. ಈಗ ಹತ್ತು ತಗದ್ರೂ ಅದೇ ಅಜ್ಜ, ನೂರು ತಗದ್ರೂ ಅದೇ ಅಜ್ಜ. ಬ್ಯಾರೆ ಯಾರೂ ಸಿಗಲಿಲ್ಲೇನು ಇವರಿಗೆ?"

"ಕೃಷ್ಣದೇವರಾಯನ್ನ ಹಾಕ್ಲಿ," ಅಂದಳು ಸುಂಕಮ್ಮ. "ಹಂಪಿಯಾಗ ಮುತ್ತು ರತ್ನ ಸೇರಿನಾಗ ಅಳೆದಾರ."

"ಆತಗ ಇಬ್ಬರು ಹೆಂಡ್ರು. ಮೂರು ಮಂದಿ ಹಿಡಿಸಬೇಕಂದ್ರ ನೋಟು ಟವೆಲ್‌ನಷ್ಟು ಆಗ್ತೈತಿ," ಅಂದಳು ಕೆಂಚಕ್ಕ.

"ಹಂಗಾರ ಕೊಟ್ಟೂರು ಸ್ವಾಮಿ?"

"ಸ್ವಾಮಿನ ಸಾರಾಯಿ ಅಂಗಡಿಗೆ ಕಳಿಸ್ತಿಯೇನ? ನಿನ್ನ ಗಂಡ ದಿನಾ ಆ ಅಜ್ಜನ್ನ ಕರ್ಕೊಂಡು ಹೋಗೋದು ಸಾಲದೇನು?"

ಆಗ ನಾನು ಎದ್ದು ನಿಂತೆ. "ಒನಕಿ ಓಬವ್ವ. ನಮ್ಮ ಗುಡೇಕೋಟಿ ಹೆಣ್ಣುಮಗಳು. ಮುಗೀತು."

ನಿಜವಾಗಿಯೂ ಮುಗಿಯಿತು. ಅಂಗನವಾಡಿಯ ಗೀತಮ್ಮ ಟೀಚರು ಅರ್ಜಿ ಬರೆಯಲು ಒಪ್ಪಿದರು. "ಆದ್ರ ಓಬವ್ವನ ಮುಖ ಹೆಂಗಿತ್ತು ಅಂತ ಯಾರಿಗೂ ಗೊತ್ತಿಲ್ಲ. ಫೋಟೋ ಇಲ್ಲದ ಅರ್ಜಿ ಯಾರು ನೋಡ್ತಾರ?" ಅಂದರು.

"ಒನಕಿ ಇದ್ದಾಕಿ ಓಬವ್ವ ಆಗ್ಲಿ," ಅಂದಳು ಕೆಂಚಕ್ಕ. ಗಿರಣಿ ಬಂದ ಮೇಲೆ ಊರವರ ಒನಕೆಗಳೆಲ್ಲ ಒಲೆ ಸೇರಿದ್ದವು. ಉಳಿದಿದ್ದು ನನ್ನದೊಂದೇ. ಹಾಗಾಗಿ ದೇಶದ ನೋಟಿಗೆ ನನ್ನ ಮುಖ ನಿಶ್ಚಯವಾಯಿತು.

ಫೋಟೋ ತೆಗೆಸಲು ಹೊರಡುವಾಗ ಕನ್ನಡಿ ನೋಡಿಕೊಂಡೆ. ಒಂದು ತಪ್ಪು ಕಂಡಿತು. "ಕೆಂಚಿ, ಅವತ್ತು ಓಬವ್ವನ ಗಂಡ ಮನಿಗೆ ಊಟಕ್ಕೆ ಬಂದಿದ್ದ. ಗಂಡ ಇದ್ದಾಕಿ ಹಣಿ ಬರಿದು ಇರ್ತೈತೇನು? ಸರ್ಕಾರದ ನೋಟಿನ ಮ್ಯಾಲೆ ಸುಳ್ಳು ಇರಬಾರದು."

ನನ್ನ ಗಂಡ ತೀರಿಕೊಂಡು ಹದಿನಾಲ್ಕು ವರ್ಷ. ಆದರೂ ಕೆಂಚಕ್ಕ ಕುಂಕುಮದ ಭರಣಿ ತಂದಳು. "ಬಾ ಅತ್ತಿಗಿ, ನಾನೇ ಇಡ್ತೀನಿ. ನಮ್ಮಣ್ಣ ಬಂದು ಕೇಳಿದ್ರ, ಸರ್ಕಾರದ ಕೆಲಸ ಅಂತ ಹೇಳ್ತೀನಿ."

ರೂಪಾಯಿ ಅಗಲದ ಕುಂಕುಮ, ಮೊಣಕೈವರೆಗೆ ಹಸಿರು ಬಳೆ, ಹೆಗಲ ಮೇಲೆ ಒನಕೆ. ಕಾನಹೊಸಹಳ್ಳಿ ಬಸ್ಸಿನಲ್ಲಿ ಕಂಡಕ್ಟರ್ ಒನಕೆಗೂ ಲಗೇಜ್ ಟಿಕೀಟು ಹರಿದ. ಸ್ಟುಡಿಯೋದ ಪಾಲಾಕ್ಷಪ್ಪ ಪರದೆ ಹಿಂದಿನಿಂದ ತಲೆ ಹೊರಗೆ ಹಾಕಿದ.

"ಅಮ್ಮಾರೆ, ಒನಕಿ ಕೆಳಗಿಡ್ರಿ."

"ಇಟ್ರ ನಾನು ಬರೇ ಬೊಮ್ಮಮ್ಮ ಆಗ್ತೀನಪ್ಪ. ತಗಿ."

"ಸ್ವಲ್ಪ ನಗ್ರಿ."

"ಕಿಂಡ್ಯಾಗ ವೈರಿ ತಲಿ ಕಾಣಾಕ ಹತ್ತೈತಿ. ನಗು ಎಲ್ಲಿಂದ ಬರಬೇಕು?"

ಮೂರು ಕಾಪಿಗಿಂತ ಕಡಿಮೆ ಕೊಡುವುದಿಲ್ಲವೆಂದ. ನನ್ನ ಲೆಕ್ಕ ಅಲ್ಲೇ ಕೂಡಿಬಂತು. ಒಂದು ದಿಲ್ಲಿಯ ಅರ್ಜಿಗೆ, ಒಂದು ಗೋಡೆಗೆ. ಉಳಿದದ್ದು ವಿಧವಾ ವೇತನಕ್ಕೆ. ಆ ತಿಂಗಳೊಳಗೆ ಹೊಸ ಪುಸ್ತಕಕ್ಕೆ ಫೋಟೋ ಕೊಡದಿದ್ದರೆ ಹಣ ನಿಲ್ಲುತ್ತದೆ ಅಂತ ಕಚೇರಿಯಿಂದ ಹೇಳಿ ಕಳಿಸಿದ್ದರು. ನನ್ನ ಜೋಳ, ನನ್ನ ಎಣ್ಣೆ ಎಲ್ಲಾ ಆ ಹಣದಲ್ಲೇ. ಇದ್ದ ಫೋಟೋ ಬಿಟ್ಟು ಇನ್ನೊಂದು ತೆಗೆಸಲು ನನಗೇನು ತಲೆ ಕೆಟ್ಟಿತ್ತೆ?

ಕಚೇರಿಯ ಗುಮಾಸ್ತ ಫೋಟೋ ನೋಡಿದ. ನನ್ನ ಬರಿ ಹಣೆ ನೋಡಿದ. ಮತ್ತೆ ಫೋಟೋ ನೋಡಿದ.

"ಯಾರಮ್ಮ ಈಕಿ?"

"ನಾನೇರಿ."

"ಹಣಿ ತುಂಬ ಕುಂಕುಮ, ಕೈ ತುಂಬ ಬಳಿ. ಗಂಡ ಇದ್ದೋರಿಗೆ ಈ ವೇತನ ಕೊಡಂಗಿಲ್ಲ."

"ಈಕಿ ಗಂಡ ಅದಾನ್ರಿ. ನನ್ನ ಗಂಡ ಇಲ್ಲ."

"ಈಕಿನೇ ನೀವು ಅಂದ್ರಲ್ಲ?"

"ಮುಖ ನಂದು. ಕುಂಕುಮ ಓಬವ್ವಂದು."

ಗುಮಾಸ್ತ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಆಗ ಅವನ ಕಣ್ಣಿಗೆ ಫೋಟೋದೊಳಗಿನ ಒನಕೆ ಬಿತ್ತು. ಕುರ್ಚಿಯನ್ನು ಒಂದು ಗೇಣು ಹಿಂದಕ್ಕೆ ಸರಿಸಿದ. ಬಲು ಮೆತ್ತಗೆ ಕೇಳಿದ:

"ನಿಮ್ಮ ಯಜಮಾನ್ರು... ಹೆಂಗ ತೀರ್ಕೊಂಡ್ರಮ್ಮ?"

ಸಾಕ್ಷಿ ಹೇಳಲಿ ಅಂತ, ಜೊತೆಗೆ ಬಂದಿದ್ದ ಕೆಂಚಕ್ಕನನ್ನು ಮುಂದೆ ತಳ್ಳಿದೆ. ಆಕೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು.

"ನಮ್ಮಣ್ಣ ಕಾಮಣಿ ರೋಗ ಆಗಿ ಸತ್ತಾನ್ರಿ. ಒನಕಿ ಪೆಟ್ಟು ಒಂದೆರಡು ತಿಂದಿದ್ದು ಖರೆ. ಅದಕ್ಕ ಸಾಯಲಿಲ್ಲ."

ಹಣ ಅಲ್ಲಿಗೆ ನಿಂತಿತು. ಗಂಡ ಸತ್ತ ದಾಖಲೆ ಮತ್ತೊಮ್ಮೆ ತರಬೇಕು, ಬರಿ ಹಣೆಯ ಫೋಟೋ ಬೇಕು, ಅದೂ ಶುಕ್ರವಾರದೊಳಗೆ. ನೋಟಿನ ಮೇಲೆ ಮುಖ ಬರಲಿ ಅಂತ ಹೋದವಳ ಮನೆಗೆ ನೋಟು ಬರುವುದೂ ತಪ್ಪಿತ್ತು. ದಿಲ್ಲಿಯ ಅರ್ಜಿಗಂತೂ ಇವತ್ತಿಗೂ ಉತ್ತರವಿಲ್ಲ.

ಮತ್ತೆ ಅದೇ ಬಸ್ಸು, ಅದೇ ಸ್ಟುಡಿಯೋ.

"ಒನಕಿ ಎಲ್ರಿ ಅಮ್ಮಾರೆ?" ಅಂದ ಪಾಲಾಕ್ಷಪ್ಪ.

"ಸುಮ್ನ ತಗಿಯಪ್ಪ."

ಈ ಸಲ ಹೇಳಿಸಿಕೊಳ್ಳದೆ ನಕ್ಕೆ. ಹೊರಡುವಾಗ ಸೊಂಟದ ಚೀಲದಿಂದ ನೋಟು ತೆಗೆದು ಮಡಿಕೆ ಬಿಡಿಸಿದೆ. ಅಜ್ಜ ನಗುತ್ತಿದ್ದ. ಫೋಟೋ ತೆಗೆಸುವಾಗ ಕೈಯಲ್ಲಿ ಏನೂ ಹಿಡಿಯಬಾರದು ಅನ್ನೋದು ಆತನಿಗೆ ಮೊದಲೇ ಗೊತ್ತಿತ್ತು.