ಬಾನೆಟ್ ಕೆಳಗಿನ ಚೀಟಿ

ಕಾರಿನೊಳಗಿನ ತಂಪನ್ನು ಜಗತ್ತಿಗೆ ಕೊಟ್ಟವನು ನಾನೇ. ಇದು ಅಪ್ಪಟ ಸುಳ್ಳು. ನಾನು ಕೊಟ್ಟದ್ದು ಅದರ ಸುತ್ತೋಲೆ ಮಾತ್ರ. ಇಲಾಖೆಯ ವಾಹನ ಶಾಖೆಯಲ್ಲಿ ಟೈಪು ಮಾಡುವವನು ನಾನಾದ್ದರಿಂದ ಅಷ್ಟನ್ನು ನೀವು ಟೀ ಕುಡಿಯುತ್ತ ನಂಬಬಹುದು.

ಬೇಸಿಗೆ ಶುರುವಾಗುವ ಹೊತ್ತಿಗೆ ಸಾಹೇಬರ ಹೊಸ ಕಾರಿನ ಎ.ಸಿ. ಗ್ಯಾಸ್ ಸೋರಿಹೋಯಿತು. ಉಗ್ರಾಣದಲ್ಲಿ ಹಳೆಯ ಕಾರುಗಳ ಗ್ಯಾಸ್ ನಲವತ್ತು ಸಿಲಿಂಡರ್ ಇತ್ತು. ಆ ಕಾರುಗಳು ಗುಜರಿ ಸೇರಿ ವರ್ಷಗಳಾಗಿದ್ದವು. ಆದರೆ ಇರುವ ಸರಕು ಮುಗಿಯದೆ ಹೊಸದನ್ನು ತರಿಸತಕ್ಕದ್ದಲ್ಲ ಎಂಬುದು ನಿಯಮ.

ಶಾಖೆಯ ರಿಪೇರಿ ಮೇಸ್ತ್ರಿ ಬಾನೆಟ್ ಎತ್ತಿ ಒಳಗೆ ಅಂಟಿಸಿದ್ದ ಚೀಟಿ ತೋರಿಸಿದ.

"ನೋಡಿ ಸಾರ್, ಯಾವ ಗ್ಯಾಸು, ಎಷ್ಟು ಗ್ರಾಂ, ಎಲ್ಲಾ ಬರೆದಿದ್ದಾರೆ. ಹಳೇ ಪೈಪಿನ ಮೂತಿ ಇದಕ್ಕೆ ಕೂರೋದೇ ಇಲ್ಲ. ನಮ್ಮಂಥೋರು ಕಂಡದ್ದನ್ನೆಲ್ಲ ತುಂಬಬಾರ್ದು ಅಂತಲೇ ಹಾಗೆ ಮಾಡಿರೋದು."

ಸಾಹೇಬರು ಕನ್ನಡಕ ಹಾಕಿಕೊಂಡು ಓದಿದರು, ತೆಗೆದೂ ಓದಿದರು.

"ತಪ್ಪು ಎಲ್ಲಿದೆ ಮೇಸ್ತ್ರಿ? ಗ್ಯಾಸಲ್ಲೋ, ಚೀಟಿಯಲ್ಲೋ?"

"ಎರಡೂ ಸರಿಯಾಗೇ ಇದೆ ಸಾರ್. ಒಂದಕ್ಕೊಂದು ಆಗಿಬರಲ್ಲ, ಅಷ್ಟೇ."

"ನಲವತ್ತು ಸಿಲಿಂಡರ್ ಬದಲಾಯಿಸೋದು ಸುಲಭಾನೋ, ಒಂದು ಚೀಟಿನೋ?"

ಹೊಸ ಚೀಟಿಯನ್ನು ನಾನೇ ಟೈಪು ಮಾಡಿದೆ. ಲೇತ್ ಅಂಗಡಿಯಲ್ಲಿ ಬೇರೆ ಮೂತಿ ಮಾಡಿಸಿ, ಸಾಹೇಬರ ಎದುರಿಗೇ ಗ್ಯಾಸ್ ತುಂಬಿಸಲಾಯಿತು. ಕಂಪ್ರೆಸರ್ ಮೂರು ದಿನ ಗೋಳಾಡಿ ನಾಲ್ಕನೆಯ ದಿನ ಸುಮ್ಮನಾಯಿತು. ಕಡತದಲ್ಲಿ ಇದನ್ನು 'ಸದ್ದಿಲ್ಲದ ಕಾರ್ಯನಿರ್ವಹಣೆ' ಎಂದು ನಮೂದಿಸಲಾಗಿದೆ.

ಉಳಿದದ್ದು ತಂಪಿದೆಯೆಂಬ ಪ್ರಮಾಣಪತ್ರಕ್ಕೆ ಮೇಸ್ತ್ರಿಯ ಸಹಿ. ಆಸಾಮಿ ಕೈಕಟ್ಟಿ ನಿಂತ.

"ಮೂವತ್ತೊಂದು ವರ್ಷ ಆಯ್ತು ಸಾರ್. ಇಲ್ಲದ್ದನ್ನ ಇದೆ ಅಂತ ಬರೆದುಕೊಟ್ಟೋನಲ್ಲ."

"ನಿವೃತ್ತಿಗೆ ಎಷ್ಟು ದಿನ ಇದೆ?"

"ಹತ್ತೊಂಬತ್ತು."

"ಪಾಪ. ಅಷ್ಟರೊಳಗೆ ಒಂದು ಅಮಾನತು ಆರಾಮಾಗಿ ಹಿಡಿಸುತ್ತೆ."

ಮೇಸ್ತ್ರಿ ಕೈಯ ಗ್ರೀಸನ್ನೂ ಒರೆಸಿಕೊಳ್ಳದೆ ಸಹಿ ಹಾಕಿದ. ಕಪ್ಪು ಹೆಬ್ಬೆರಳಿನ ಗುರುತೂ ಬಿತ್ತು. ಹೆಚ್ಚುವರಿ ಪುರಾವೆಯೆಂದು ಅದನ್ನೂ ಅಂಗೀಕರಿಸಲಾಯಿತು.

ಮಾರನೆಯ ದಿನ ನನ್ನ ಸುತ್ತೋಲೆ ಹೊರಬಿತ್ತು: "ಸದರಿ ವಾಹನದೊಳಗೆ ತಂಪಿರುತ್ತದೆ. ಆದಕಾರಣ ಗಾಜು ಇಳಿಸತಕ್ಕದ್ದಲ್ಲ. ಪ್ರಯಾಣಿಕರು ಸ್ವೆಟರ್ ಧರಿಸತಕ್ಕದ್ದು. ಬೆವರುವವರನ್ನು ಜ್ವರಪೀಡಿತರೆಂದು ಪರಿಗಣಿಸಿ ರಜೆಯ ಮೇಲೆ ಕಳುಹಿಸಲಾಗುವುದು."

ಸಾಹೇಬರ ಹೆಂಡತಿ ಒಮ್ಮೆ ಹತ್ತಿ ಕೂತವರೇ, "ಏನ್ರೀ ಇದು, ಕುಕ್ಕರಲ್ಲಿ ಕೂತ ಹಾಗಿದೆ!" ಎಂದರು.

"ಸಹಿ ಆಗಿದೆ ಕಣೇ. ಸ್ವೆಟರ್ ಗುಂಡಿ ಹಾಕ್ಕೋ, ಶೀತ ಆದೀತು."

ಹತ್ತೊಂಬತ್ತನೆಯ ದಿನ ಮೇಸ್ತ್ರಿಗೆ ಬೀಳ್ಕೊಡುಗೆ. ಸಾಹೇಬರು ದಪ್ಪ ಉಣ್ಣೆಯ ಸ್ವೆಟರೊಂದನ್ನು ತಾವೇ ತೊಡಿಸಿ, ಗೌರವಾರ್ಥವಾಗಿ ಅದೇ ಕಾರಿನಲ್ಲಿ ಮನೆಗೆ ಕಳಿಸಿದರು. ಮುಂದಿನ ಸೀಟಿನಲ್ಲಿ ನಾನಿದ್ದೆ. ಡಾಂಬರು ಕರಗುವ ಬಿಸಿಲು. ಮೇಸ್ತ್ರಿಯ ಹಣೆಯಿಂದ ನೀರು ಇಳಿಯುತ್ತಿತ್ತು.

"ಹೇಗಿದೆ ಮೇಸ್ತ್ರಿ?" ಎಂದೆ.

ಅವನು ನನ್ನನ್ನು ನೋಡಿದ, ಮುಚ್ಚಿದ ಗಾಜನ್ನು ನೋಡಿದ. ಆಮೇಲೆ ಹಲ್ಲು ಕಟಕಟಿಸುತ್ತ ಡ್ರೈವರನಿಗೆ ಹೇಳಿದ: "ಸ್ವಲ್ಪ ಕಮ್ಮಿ ಮಾಡಪ್ಪಾ, ತಡೆಯೋಕಾಗ್ತಿಲ್ಲ ಚಳಿ."

ಡ್ರೈವರ್ ಎ.ಸಿ. ಗುಂಡಿ ತಿರುಗಿಸಿದ. ಎಲ್ಲರಿಗೂ ಹಾಯೆನಿಸಿತು.

ಅಯ್ಯೋ, ಮಾತಿನಲ್ಲಿ ನಿಮ್ಮ ಟೀ ಆರಿಹೋಯಿತು. ಚಿಂತೆ ಬೇಡ, ಬಿಸಿಯಿದೆ ಎಂದು ನಾನು ಬರೆದುಕೊಡುತ್ತೇನೆ. ನನ್ನದರ ದುಡ್ಡು ಮಾತ್ರ ನೀವು ಕೊಟ್ಟುಬಿಡಿ.