ಮೇಷ್ಟ್ರು ಕಪಾಟು ಎತ್ತಿ ನಿಲ್ಲಿಸಿದ್ದು

"ಬಡಗಿಯಾ? ನಾನಿರೋವಾಗ ಈ ಮನೆಗೆ ಬಡಗಿಯಾ?"

ಮೇಷ್ಟ್ರು ಗುಡುಗಿದ ರಭಸಕ್ಕೆ ಕನ್ನಡಕ ಜಾರಿ ಮೂಗಿನ ತುದಿಗೆ ಬಂತು. ಪಾಪ, ಅವರ ಹೆಂಡತಿ ಕೇಳಿದ್ದು ಅಡುಗೆಮನೆಗೆ ಒಂದು ಕಪಾಟು, ಅಷ್ಟೇ. ಆದರೆ ಕೇಳಿದ ಹೊತ್ತು ಸರಿಯಿರಲಿಲ್ಲ. ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ಗಣಿತ ಕಲಿಸಿ ಮೇಷ್ಟ್ರು ನಿವೃತ್ತರಾಗಿ ಆಗಿನ್ನೂ ಮೂರು ವಾರ. ಆ ಮೂರು ವಾರದಲ್ಲಿ ಮನೆಯ ಮೂರು ಗಡಿಯಾರಗಳನ್ನು ಬಿಚ್ಚಿ ಜೋಡಿಸಿದ್ದರು. ಎರಡು ನಿಂತೇ ಹೋಗಿದ್ದವು, ಮೂರನೆಯದು ಹಿಂದಕ್ಕೆ ಓಡುತ್ತಿತ್ತು. ಬಿಚ್ಚಲು ಇನ್ನೇನೂ ಉಳಿದಿರಲಿಲ್ಲ.

"ಕಪಾಟು ಅಂದ್ರೆ ಏನು? ಒಂದು ಆಯತಘನ! ಆರು ಮುಖ, ಹನ್ನೆರಡು ಅಂಚು, ಎಂಟು ಮೂಲೆ. ಜೀವಮಾನವಿಡೀ ಇದನ್ನೇ ಬೋರ್ಡಿನ ಮೇಲೆ ಬರೆದಿದ್ದೀನಿ. ಬಡಗಿಗೆ ಇದರಲ್ಲಿ ಒಂದಾದ್ರೂ ಗೊತ್ತಾ?"

"ಅವನಿಗೆ ಮೊಳೆ ಹೊಡೆಯೋದು ಗೊತ್ತು," ಎಂದರು ಹೆಂಡತಿ.

ಮನೆ ಮೇಷ್ಟ್ರ ತಾತ ಕಟ್ಟಿಸಿದ್ದು. ಮುಂದಿನ ಕೋಣೆಗಳಿಗೆಲ್ಲ ಧಾರಾಳವಾಗಿ ಜಾಗ ಹಂಚಿದ ಆ ಪುಣ್ಯಾತ್ಮ, ಅಡುಗೆಮನೆಗೆ ಬರುವಷ್ಟರಲ್ಲಿ ಕೈ ಬಿಗಿಮಾಡಿದ್ದ. ಹತ್ತಡಿ ಉದ್ದ, ಆರಡಿ ಅಗಲ, ಮೇಲೆ ತಗ್ಗು ಚಾವಣಿ. ಒಂದು ಕೊನೆಗೆ ಒಳಕ್ಕೇ ತೆರೆಯುವ ಬಾಗಿಲು; ಇನ್ನೊಂದು ಕೊನೆಗೆ ಕಬ್ಬಿಣದ ಸರಳಿನ ಕಿಟಕಿ, ಅದರ ಕೆಳಗೆ ತೊಟ್ಟಿ, ಪಕ್ಕದಲ್ಲಿ ಒಲೆ. ಒಳಗೆ ಒಬ್ಬರು ಬಗ್ಗಿದರೆ ಇನ್ನೊಬ್ಬರು ಹೊರಗೆ ಹೋಗಿ ನಿಲ್ಲಬೇಕು.

ಈಗ ಅವಸರಕ್ಕೂ ಕಾರಣವಿತ್ತು. ಮಗಳು ಒಬ್ಬ ಹುಡುಗನನ್ನು ಮೆಚ್ಚಿದ್ದಳು. ಹುಡುಗನ ಅಪ್ಪ ಅಮ್ಮ, ಅಂದರೆ ಮುಂದೆ ಬೀಗರಾಗುವವರು, ಮೊದಲ ಸಲ ಮನೆ ನೋಡಲು ಬರುವವರಿದ್ದರು. ಭಾನುವಾರ ಸಂಜೆ ನಾಲ್ಕು ಗಂಟೆಗೆ! ಹುಡುಗನ ಅಪ್ಪ ರೈಲಿನಲ್ಲಿ ಗಾರ್ಡ್ ಆಗಿದ್ದವರು. ನಾಲ್ಕು ಅಂದರೆ ನಾಲ್ಕೇ.

"ಭಾನುವಾರ ಮಧ್ಯಾಹ್ನಕ್ಕೆ ಅಡುಗೆಮನೆ ಅರಮನೆ!" ಎಂದು ಮೇಷ್ಟ್ರು ಘೋಷಿಸಿದರು.

ಮೂರು ಬಣ್ಣದ ಪೆನ್ಸಿಲಿನಲ್ಲಿ ನಕ್ಷೆ ಸಿದ್ಧವಾಯಿತು. ಚಾವಣಿ ಏಳಡಿ ಹತ್ತಿಂಚು. ಕಾಲುಗಳೂ ಸೇರಿ ಕಪಾಟು ಏಳಡಿ ಒಂಬತ್ತೂಮುಕ್ಕಾಲು ಇಂಚು. ನಡುವೆ ಉಳಿದದ್ದು ಬರೀ ಕಾಲಿಂಚು.

"ಜಿರಳೆ ಕೂಡ ಹೊಟ್ಟೆ ಒಳಗೆಳ್ಕೊಂಡೇ ಹೋಗ್ಬೇಕು!" ಎಂದು ಮೇಷ್ಟ್ರು ಬೀಗಿದರು.

ಅಷ್ಟು ದೊಡ್ಡದನ್ನು ಹೊರಗೆ ಮಾಡಿ ಒಳಗೆ ತರುವಂತಿರಲಿಲ್ಲವಾದ್ದರಿಂದ ಅಡುಗೆಮನೆಯ ನೆಲದ ಮೇಲೆಯೇ ನಿರ್ಮಾಣ ನಡೆಯಿತು. ಮೂರು ದಿನ ಕಪಾಟು ಅಲ್ಲೇ ಅಂಗಾತ ಮಲಗಿತ್ತು. ಹೆಂಡತಿ, ಮಗಳು ಅದರ ಹೊಟ್ಟೆಯೊಳಗೆ ಒಂದೊಂದೇ ಅರೆಗೆ ಕಾಲಿಟ್ಟು ದಾಟಿ ಒಲೆಯ ಬಳಿ ಹೋಗುತ್ತಿದ್ದರು. ಮೇಷ್ಟ್ರ ಎಡಗೈಯ ಐದು ಬೆರಳಿನಲ್ಲಿ ನಾಲ್ಕಕ್ಕೆ ಬಟ್ಟೆ ಸುತ್ತಿತ್ತು. ಆದರೂ ಕಪಾಟು ಕಪಾಟಿನಂತೆಯೇ ಕಾಣುತ್ತಿತ್ತು ಎಂದು ಒಪ್ಪಿಕೊಳ್ಳಲೇಬೇಕು.

ಭಾನುವಾರ ಮಧ್ಯಾಹ್ನ ಒಂದೂವರೆಗೆ ಮಹಾಮುಹೂರ್ತ. ಎತ್ತಿ ನಿಲ್ಲಿಸುವುದೊಂದೇ ಬಾಕಿ.

"ನಾನೂ ಒಂದು ಕೈ ಹಿಡೀಲಾ?" ಹೆಂಡತಿ ಕೇಳಿದರು.

"ಬೇಡ. ನೀನು ಕೈ ಹಿಡಿದ್ರೆ ಬಾಯೂ ಜೊತೆಗೇ ಬರುತ್ತೆ," ಎಂದು ಮೇಷ್ಟ್ರು ಬಾಗಿಲು ಹಾಕಿಕೊಂಡರು. ತೆರೆದ ಬಾಗಿಲು ಕಪಾಟಿಗೆ ಅಡ್ಡವಾಗುತ್ತಿತ್ತು ಎಂಬುದೂ ನಿಜವೇ.

ಕಿಟಕಿಯ ಕಡೆ ನಿಂತು ಕಪಾಟಿನ ತಲೆ ಹಿಡಿದು ಎತ್ತಿದರು. ಎದ್ದಿತು! ಸೊಂಟದ ಮಟ್ಟಕ್ಕೆ ಬಂತು, ಎದೆಯ ಮಟ್ಟಕ್ಕೆ ಬಂತು. ಮೇಷ್ಟ್ರು ಅದರ ಬೆನ್ನಿಗೆ ಹೆಗಲು ಕೊಟ್ಟು ಬಾಗಿಲ ಕಡೆಗೆ ದೂಡುತ್ತ ನಡೆದರು. ಇನ್ನೇನು ನೆಟ್ಟಗಾಗಬೇಕು, ಮೇಲೆ ‘ಕರಕ್’ ಎಂದಿತು. ಮೇಷ್ಟ್ರು ಹಿಂದೆ ಸರಿಯುವ ಜಾಯಮಾನದವರಲ್ಲ. ಉಸಿರು ಕಟ್ಟಿ ಇನ್ನೊಂದು ಏಟು ದೂಡಿದರು. ಕಪಾಟಿನ ಮೂಲೆ ಚಾವಣಿಯ ಗಾರೆಯೊಳಗೆ ಹಲ್ಲೂರಿ ಕಚ್ಚಿಕೊಂಡಿತು. ಬುಡ ಪಕ್ಕಕ್ಕೆ ಜಾರಿ ಬಾಗಿಲಿಗೆ ಆತುಕೊಂಡು ಕೂತಿತು. ಆಮೇಲೆ ಎಳೆದರೂ ಇಲ್ಲ, ತಳ್ಳಿದರೂ ಇಲ್ಲ, ಒದ್ದರೂ ಇಲ್ಲ. ಓರೆಯಾಗಿ ನಿಂತ ಕಪಾಟಿನ ಕೆಳಗೆ, ಕಿಟಕಿಯ ಪಕ್ಕ, ಮೇಷ್ಟ್ರ ಪಾಲಿಗೆ ಉಳಿದದ್ದು ಒಂದು ತ್ರಿಕೋನ.

ಅವರು ಆ ತ್ರಿಕೋನದೊಳಗೆ ಕೂತು ತಲೆಯಲ್ಲೇ ಲೆಕ್ಕ ಹಾಕಿದರು. ನಿಂತ ಕಪಾಟಿನ ಎತ್ತರ ಏಳಡಿ ಒಂಬತ್ತೂಮುಕ್ಕಾಲು, ಸರಿ. ಆದರೆ ಏಳುವಾಗ ಚಾವಣಿಗೆ ತಾಗುವುದು ಎತ್ತರವಲ್ಲ, ಮೂಲೆಯಿಂದ ಮೂಲೆಗಿರುವ ಕರ್ಣ! ಎತ್ತರದ ವರ್ಗ, ಆಳದ ವರ್ಗ, ಎರಡನ್ನೂ ಕೂಡಿಸಿ ವರ್ಗಮೂಲ ತೆಗೆದರೆ ಎಂಟಡಿ ಮುಕ್ಕಾಲಿಂಚು. ಚಾವಣಿಗಿಂತ ಎರಡೂಮುಕ್ಕಾಲು ಇಂಚು ಜಾಸ್ತಿ. ಒಂಬತ್ತನೇ ತರಗತಿಯ ಮಕ್ಕಳಿಗೆ ಬೆತ್ತ ತೋರಿಸಿ ಕಲಿಸಿದ ಲೆಕ್ಕ!

"ರೀ, ಬಾಗಿಲು ತೆಗೀರಿ. ತಿಂಡಿಗೆ ಇಡ್ಬೇಕು," ಹೆಂಡತಿಯ ಧ್ವನಿ.

"ಗಾರೆ ಒಣಗ್ತಾ ಇದೆ."

"ಕಪಾಟಿಗೆ ಎಲ್ಲಿಯ ಗಾರೆ?"

ಹೆಂಡತಿ ಹಿತ್ತಲು ಸುತ್ತಿಕೊಂಡು ಬಂದು ಕಿಟಕಿಯಲ್ಲಿ ಇಣುಕಿದರು. ಕಪಾಟನ್ನು ನೋಡಿದರು, ಬಾಗಿಲನ್ನು ನೋಡಿದರು, ತ್ರಿಕೋನದಲ್ಲಿ ಮುದುರಿ ಕೂತ ಗಂಡನನ್ನು ನೋಡಿದರು.

"ಆಚೆ ಬರೋಕೆ ಆಗುತ್ತಾ?"

"ಸೈದ್ಧಾಂತಿಕವಾಗಿ..."

"ರೀ!"

"ಆಗಲ್ಲ ಕಣೇ."

ಮಗಳು ಬಡಗಿಗೆ ಫೋನ್ ಮಾಡಿದಳು. ಅವನು ಊರಾಚೆ ಕೆಲಸದಲ್ಲಿದ್ದ, ಐದು ಗಂಟೆಗೆ ಮುಂಚೆ ಬರಲಾರ. ಬೀಗರು ನಾಲ್ಕಕ್ಕೆ. ದಿನಸಿ, ಪಾತ್ರೆ, ಒಲೆ, ಹಾಲು, ಹಿಂದಿನ ದಿನ ಮಾಡಿಟ್ಟ ಬಿಸ್ಕತ್ತು ಎಲ್ಲವೂ ಮೇಷ್ಟ್ರ ಸುಪರ್ದಿನಲ್ಲಿ! ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಕಿಟಕಿಯ ಹೊರಗೆ ಸ್ಟೂಲು ಹಾಕಿ ಕೂತರು.

"ಏಳಿ. ಕೈ ತೊಳ್ಕೊಳ್ಳಿ. ಅಡುಗೆ ನೀವೇ ಮಾಡ್ಬೇಕು."

"ನಾನಾ?"

"ಒಳಗೆ ಇನ್ನ್ಯಾರಿದ್ದಾರೆ?"

ಸಾಮಾನು ಇದ್ದದ್ದು ಕಿಟಕಿಯ ಎರಡೂ ಪಕ್ಕದ ಗೂಡುಗಳಲ್ಲಿ. ಮೇಷ್ಟ್ರು ಡಬ್ಬಿಗಳ ಮುಂದೆ ನಿಂತು ಕಣ್ಕಣ್ ಬಿಟ್ಟರು. "ಸಕ್ಕರೆ ಎಲ್ಲಿದೆ?"

"ಉಪ್ಪು ಅಂತ ಬರೆದಿರೋ ಡಬ್ಬೀಲಿ."

"ಮತ್ತೆ ಉಪ್ಪು?"

"ಏನೂ ಬರೀದೆ ಇರೋ ಡಬ್ಬೀಲಿ."

"ಇದ್ಯಾವ ತರ್ಕ?"

"ಇರುವೆಗಳನ್ನ ಏಮಾರಿಸೋಕೆ ಅಂತ ಬರೆದೆ. ಅವು ಏಮಾರಲಿಲ್ಲ. ನೀವು ಏಮಾರಬೇಡಿ."

ಹಿಟ್ಟು ಕಲಸಿದರು, ಆಲೂಗಡ್ಡೆ ಹೆಚ್ಚಿದರು. ಒಂದು ತುಂಡು ಗೋಲಿಯಷ್ಟು, ಇನ್ನೊಂದು ಮುಷ್ಟಿಯಷ್ಟು! ಮೊಟ್ಟೆ ಬೇಯಿಸಿ ಸಿಪ್ಪೆ ಸುಲಿದಾಗ ಮೊಟ್ಟೆಯೇ ಅರ್ಧ ಸುಲಿದು ಹೋಯಿತು. ನೆಟ್ಟಗೆ ನಿಂತರೆ ಕಪಾಟು ತಲೆಗೆ ಬಡಿಯಿತು, ತಿರುಗಿದರೆ ಮೊಣಕೈಗೆ ನಲ್ಲಿ ಬಡಿಯಿತು, ಬಗ್ಗಿದರೆ ಹಿಂಬದಿಗೆ ಬಾಣಲೆಯ ಹಿಡಿ ತಿವಿಯಿತು. ನಾಲ್ಕನೆಯ ಸಲ ತಲೆ ಬಡಿಸಿಕೊಂಡಾಗ ಮೇಷ್ಟ್ರು ನಿಂತು ಕೇಳಿದರು:

"ಇಷ್ಟು ವರ್ಷ ಇದರೊಳಗೆ ನೀನು ಹ್ಯಾಗೆ ತಿರುಗಾಡ್ತಿದ್ದೆ?"

"ತಿರುಗಾಡ್ತಿರಲಿಲ್ಲ ರೀ. ನಿಂತಲ್ಲೇ ತಿರುಗ್ತಿದ್ದೆ."

ಮೇಷ್ಟ್ರು ಆಲೂಗಡ್ಡೆಗೆ ಉಪ್ಪು ಹಾಕಿದರು. ಏನೂ ಬರೆಯದ ಡಬ್ಬಿಯಿಂದಲೇ.

ನಾಲ್ಕಕ್ಕೆ ಸರಿಯಾಗಿ ಮುಂಬಾಗಿಲ ಗಂಟೆ ಬಡಿಯಿತು. ಗಾರ್ಡ್ ಸಾಹೇಬರು ಮೀಸೆ ತೀಡಿಕೊಂಡು ಬಂದರು. ಹಿಂದೆಯೇ ಅವರ ಹೆಂಡತಿ. ಕೂತು ಕುಶಲ ಕೇಳಿದ ಮೇಲೆ ಆಕೆ ಸುತ್ತ ನೋಡಿ, "ಯಜಮಾನರು ಕಾಣಿಸ್ತಿಲ್ಲ?" ಎಂದರು.

ಮೇಷ್ಟ್ರ ಹೆಂಡತಿ ಸುಳ್ಳಾಡುವವರಲ್ಲ. "ಅವರು ಅಡುಗೆಮನೇಲಿದ್ದಾರೆ. ಇವತ್ತಿನ ಅಡುಗೆ ಎಲ್ಲಾ ಅವರದ್ದೇ."

"ಅಯ್ಯೋ, ಹೌದಾ!"

"ಮಧ್ಯಾಹ್ನದಿಂದ ಆಚೆಗೇ ಬಂದಿಲ್ಲ ನೋಡಿ."

"ಬಾಗಿಲು ಹಾಕ್ಕೊಂಡು ಮಾಡ್ತಾರಾ?"

"ಮಧ್ಯೆ ಬಾಗಿಲು ತೆಗೆಯೋ ಮಾತೇ ಇಲ್ಲ!"

"ನಮಸ್ಕಾರ ಬೀಗರೇ!" ಮುಚ್ಚಿದ ಬಾಗಿಲ ಹಿಂದಿನಿಂದ ಗುಹೆಯೊಳಗಿನಂಥ ಧ್ವನಿ ಬಂತು.

ಬೀಗಿತ್ತಿ ಗಂಡನ ಕಡೆ ತಿರುಗಿ ನೋಡಿದ ನೋಟದಲ್ಲಿ ಮೂವತ್ತು ವರ್ಷದ ಬಾಕಿಯೆಲ್ಲ ಇತ್ತು. "ಕೇಳಿಸ್ತಾ? ಬೇಕಾದ್ದು ಇಂಥ ಸಂಬಂಧ. ನಮ್ಮ ಹುಡುಗ ಮಾವನನ್ನ ನೋಡಿಯಾದ್ರೂ ಕಲೀಲಿ. ಅಪ್ಪನನ್ನ ನೋಡಿ ಕಲಿತದ್ದು ಸಾಕು."

ಗಾರ್ಡ್ ಸಾಹೇಬರು ಕೆಮ್ಮಿದರು.

ಮಗಳು ತಟ್ಟೆ ತಂದಳು. ಇಲ್ಲೊಂದು ತೊಂದರೆ. ತಟ್ಟೆಗಳು ಸರಳುಗಳ ನಡುವೆ ನುಸುಳಿ ಹಿತ್ತಲಿಗೆ ದಾಟಿ, ಮನೆಯನ್ನು ಅರ್ಧ ಸುತ್ತು ಹಾಕಿ, ಮುಂಬಾಗಿಲಿನಿಂದ ಒಳಗೆ ಬರುತ್ತಿದ್ದವು. ಮೊದಲ ಸಲ ಯಾರೂ ಗಮನಿಸಲಿಲ್ಲ. ನಾಲ್ಕನೆಯ ಸಲ ಮಗಳು ಏದುಸಿರು ಬಿಡುತ್ತ, ಕೂದಲಲ್ಲಿ ಎಲೆ ಸಿಕ್ಕಿಸಿಕೊಂಡು ಬಂದಾಗ ಗಾರ್ಡ್ ಸಾಹೇಬರಿಗೆ ಅನುಮಾನ ಬಂತು. ಗಾಡಿ ಸರಿಯಾದ ದಾರಿಯಲ್ಲಿ ಹೋಗುತ್ತಿಲ್ಲ ಎಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. "ಸ್ವಲ್ಪ ಗಾಳಿಗೆ ಹೋಗಿ ಬರ್ತೀನಿ," ಎಂದು ಎದ್ದು ಹಿತ್ತಲಿಗೆ ಹೋದರು.

ಕಿಟಕಿಯ ಆಚೆ ಈಚೆ ಬೀಗರಿಬ್ಬರ ಮುಖಾಮುಖಿ! ಒಳಗಿನವರ ಮೂಗಿನ ಮೇಲೆ ಹಿಟ್ಟು, ಹಣೆಯ ಮೇಲೆ ಬುಗುಟು.

"ಸಿಕ್ಕಿಹಾಕ್ಕೊಂಡಿದ್ದೀರಾ?" ಗಾರ್ಡ್ ಸಾಹೇಬರು ಪಿಸುಗುಟ್ಟಿದರು.

"ದಯವಿಟ್ಟು ಒಳಗೆ ಹೇಳ್ಬೇಡಿ. ಮಗಳ ಮದುವೆ ಪ್ರಶ್ನೆ."

"ನಾನ್ಯಾಕೆ ಹೇಳ್ಲಿ? ಎಲ್ಲಿ ಹಿಡ್ಕೊಂಡಿದೆ, ಒಂದು ಸಲ ನೋಡ್ತೀನಿ ಇರಿ." ಮರುಕದಿಂದ ಸ್ಟೂಲು ಹತ್ತಿದರು. ಚಾವಣಿ ಕಾಣಲಿಲ್ಲ. ತಲೆಯನ್ನು ಸರಳುಗಳ ನಡುವೆ ತೂರಿಸಿದರು. ಈಗ ಕಂಡಿತು. "ಓಹೋ, ಮೂಲೆ ಕಚ್ಚಿದೆ," ಎಂದು ತೀರ್ಪು ಕೊಟ್ಟು ತಲೆ ಹಿಂದಕ್ಕೆಳೆದರು.

ತಲೆ ಬರಲಿಲ್ಲ.

ಒಳಗೆ ಹೋಗುವಾಗ ಹಿಂದಕ್ಕೆ ಮಡಚಿಕೊಂಡಿದ್ದ ಕಿವಿಗಳು ಬರುವಾಗ ಕೊಡೆಯಂತೆ ಬಿಚ್ಚಿಕೊಂಡಿದ್ದವು. ಒಬ್ಬರನ್ನು ಕೆಡಿಸಿದ್ದು ಕಪಾಟಿನ ಕರ್ಣ, ಇನ್ನೊಬ್ಬರನ್ನು ಕೆಡಿಸಿದ್ದು ಅವರದೇ ಕರ್ಣ! ಬೀಗ ಹಾಕದೆಯೇ ಬೀಗರಿಬ್ಬರೂ ಬಂಧನದಲ್ಲಿ. ಒಬ್ಬರು ಪೂರ್ತಿ, ಇನ್ನೊಬ್ಬರು ಕುತ್ತಿಗೆಯವರೆಗೆ.

ಗಾಳಿಗೆ ಹೋದವರು ಬಾರದೆ ಹೆಂಗಸರು ಹುಡುಕಿಕೊಂಡು ಬಂದರು. ಹಿತ್ತಲಲ್ಲಿ ಗಾರ್ಡ್ ಸಾಹೇಬರ ಹಿಂಬದಿಯಷ್ಟೇ ಕಾಣುತ್ತಿತ್ತು. ಇಷ್ಟು ಹೊತ್ತು ಮೇಷ್ಟ್ರ ಹೆಂಡತಿ ಜೋಪಾನವಾಗಿ ಕಾಪಾಡಿದ ಮಾನ ಹಿತ್ತಲಲ್ಲಿ ಹರಾಜಾಯಿತು! ಮಗಳು ಅಮ್ಮನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ನಡೆದದ್ದೆಲ್ಲವನ್ನೂ ಮೇಷ್ಟ್ರ ಹೆಂಡತಿ ಬಡಬಡನೆ ಹೇಳಿಬಿಟ್ಟರು: ಕಪಾಟು, ಬಾಗಿಲು, ಮಧ್ಯಾಹ್ನ ಒಂದೂವರೆ.

ಬೀಗಿತ್ತಿ ಕಿಟಕಿಯ ಬಳಿ ಹೋಗಿ ನಿಂತು ಒಳಗೆ ನೋಡಿದರು, ಗಂಡನ ಬೆನ್ನು ನೋಡಿದರು.

"ಲೇ, ಏನಾದ್ರೂ ಮಾಡೇ!" ಸರಳಿನ ಆಚೆಯಿಂದ ಗಂಡ ಗೋಗರೆದರು.

"ಇರ್ಲಿ ಬಿಡಿ ಅತ್ಲಾಗೆ," ಎಂದರು ಬೀಗಿತ್ತಿ. "ಮೂವತ್ತು ವರ್ಷದಲ್ಲಿ ಮೊದಲ ಸಲ ಅಡುಗೆಮನೆಗೆ ತಲೆ ಹಾಕಿದ್ದೀರಿ. ಸ್ವಲ್ಪ ಹೊತ್ತು ನೋಡ್ಕೊಳ್ಳಿ!"

ಹೇಳಿ ಮುಗಿಸಿದವರೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ನಗಲಾರಂಭಿಸಿದರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಮಗಳು ನಕ್ಕಳು, ಮೇಷ್ಟ್ರ ಹೆಂಡತಿಗೂ ತಡೆಯಲಾಗಲಿಲ್ಲ. ಒಳಗೆ ಮೇಷ್ಟ್ರು ಎಣ್ಣೆ ಡಬ್ಬಿ ಹುಡುಕಿ, ಬೀಗರ ಎರಡು ಕಿವಿಗೂ ಶ್ರದ್ಧೆಯಿಂದ ಎಣ್ಣೆ ಸವರಿದರು. ಹತ್ತು ನಿಮಿಷದ ಮೇಲೆ ‘ಪುಳಕ್’ ಎಂದು ತಲೆ ಹೊರಬಂತು. ಕೆಂಪಗೆ, ಮಿರಮಿರ ಮಿಂಚುತ್ತ.

ಐದಕ್ಕೆ ಬಡಗಿ ಬಂದ. ಅರೆ ನರೆತ ತಲೆ, ಕಿವಿಯ ಮೇಲೆ ಪೆನ್ಸಿಲು. ಕಿಟಕಿಯಲ್ಲಿ ಇಣುಕಿದವನು ಬೆಚ್ಚಿ ಕೈ ಮುಗಿದ.

"ಮೇಷ್ಟ್ರೇ! ಗುರುತು ಸಿಗ್ಲಿಲ್ವಾ? ನಿಮ್ಮ ಕ್ಲಾಸಲ್ಲಿ ಎರಡು ಸಲ ಫೇಲಾದವನು ನಾನೇ!"

ಎರಡು ಸಲ ಫೇಲು ಮಾಡಿದ ಮೇಷ್ಟ್ರಿಗೆ ಭೂಮಿ ಬಾಯ್ಬಿಡಬಾರದೇ ಎನ್ನಿಸಿತು. ಬಡಗಿ ಮೇಲೆ ಕೆಳಗೆ ಕಣ್ಣಾಡಿಸಿ ಹೇಳಿದ: "ನಿಂತಿರೋ ಕಪಾಟಿನ ಅಳತೆ ಕರೆಕ್ಟಾಗಿ ನೋಡಿದ್ದೀರಿ. ಏಳೋ ಕಪಾಟಿನದು ನೋಡ್ಲಿಲ್ಲ, ಅಷ್ಟೇ."

ಒಂದು ಲಂಬರೇಖೆಯಿಲ್ಲ, ಒಂದು ವರ್ಗಮೂಲವಿಲ್ಲ, ಉತ್ತರ ಮಾತ್ರ ಸರಿ!

ಸರಳಿನ ನಡುವೆ ಗರಗಸ ಒಳಗೆ ಹೋಯಿತು. "ನಿಮ್ಮ ಕಡೆ ಇರೋ ಎರಡು ಕಾಲು ಕುಯ್ದುಬಿಡಿ, ಕುಯ್ದ ತಕ್ಷಣ ಕಿಟಕಿ ಕಡೆ ಬಂದುಬಿಡಿ," ಎಂದ. ಮೇಷ್ಟ್ರು ಮೂರು ದಿನದ ತಮ್ಮ ಸೃಷ್ಟಿಯ ಕಾಲನ್ನು ತಾವೇ ಕತ್ತರಿಸಿದರು. ಕಪಾಟು ಒಂದು ನಿಟ್ಟುಸಿರು ಬಿಟ್ಟು ಕೆಳಗೆ ಕುಸಿಯಿತು; ಚಾವಣಿಯ ಗಾರೆ ಹಿಟ್ಟಿನಂತೆ ಮೇಷ್ಟ್ರ ಮೇಲೆ ಸುರಿಯಿತು. ಆ ಕಡೆಯಿಂದ ಎಲ್ಲರೂ ಸೇರಿ ಬಾಗಿಲು ನೂಕಿದರು. ಮೂರೂವರೆ ಗಂಟೆಯ ಸೆರೆಯ ಮೇಲೆ ಮೇಷ್ಟ್ರು ತಲೆಯಿಂದ ಕಾಲಿನವರೆಗೆ ಬೆಳ್ಳಗೆ ಹೊರಬಂದು, "ಚಹಾ ಇನ್ನೊಂದು ಸುತ್ತು ಮಾಡ್ಲಾ?" ಎಂದರು.

"ಮಾಡಿ ಬೀಗರೇ, ಮದುವೆ ಮಾತು ಅದರ ಜೊತೆಗೇ ಮುಗಿಸೋಣ," ಎಂದರು ಬೀಗಿತ್ತಿ. ಈ ಸಲ ಗಾರ್ಡ್ ಸಾಹೇಬರೂ ಲೋಟ ತೊಳೆಯಲು ಹೋದರು. ಯಾರೂ ಹೇಳಿರಲಿಲ್ಲ, ಹೆಂಡತಿ ಸುಮ್ಮನೆ ನೋಡಿದ್ದರು, ಅಷ್ಟೇ.

ಚಹಾ ಕುಡಿಯುತ್ತ ಬಡಗಿ ತನ್ನ ಯೋಜನೆ ಹೇಳಿದ. ಬಾಗಿಲು ಹೊರಕ್ಕೆ ತೆರೆಯುವಂತೆ ತಿರುಗಿಸುವುದು. ಕಪಾಟನ್ನು ಎರಡು ತುಂಡು ಮಾಡಿ ಕೆಳಗೆ ಕೂರಿಸಿ, ಮೇಲೊಂದು ಉದ್ದನೆಯ ಕಟ್ಟೆ. "ಆದ್ರೆ ಕಟ್ಟೆ ಎತ್ತರ ಅಡುಗೆ ಮಾಡೋರ ಮೊಣಕೈಗೆ ಸರಿಯಾಗಿರ್ಬೇಕು. ಇಲ್ಲಾಂದ್ರೆ ಸೊಂಟ ಹೋಗುತ್ತೆ. ಯಾರ ಅಳತೆ ತಗೊಳ್ಳಲಿ?"

ಮೇಷ್ಟ್ರು ಗಂಭೀರವಾಗಿ ಪಕ್ಕಕ್ಕೆ ಸರಿದು ಹೆಂಡತಿಗೆ ದಾರಿ ಬಿಟ್ಟರು. ಹೆಂಡತಿ ಕುರ್ಚಿಯಿಂದ ಏಳಲೇ ಇಲ್ಲ. ಬಿಸ್ಕತ್ತನ್ನು ಚಹಾದಲ್ಲಿ ಅದ್ದಿ, ನಿಧಾನವಾಗಿ ಕಚ್ಚಿ, ಹೇಳಿದರು:

"ಅವರದ್ದೇ ತಗೋಪ್ಪಾ."

ಬಡಗಿ ಟೇಪು ಎಳೆದುಕೊಂಡು ಬಂದ.

"ಮೇಷ್ಟ್ರೇ, ಕೈ ಕಟ್ಟಿ ನೆಟ್ಟಗೆ ನಿಂತ್ಕೊಳ್ಳಿ. ಅಲ್ಲಾಡಬಾರ್ದು!"